ಮಾಜಿ ಸೈನಿಕರ ಮಕ್ಕಳ ಓದಿಗೆ ನೆರವು

ಮಿಲಿಟರಿಯಿಂದ ಬಂದು ತೋಟ ಮಾಡಿಕೊಂಡಿದ್ದವರು ತೀರಿಕೊಂಡರೆ ಮಕ್ಕಳ ಫೀಸಿಗೆ ಮನೆಯವರು ಸಾಲ ಹುಡುಕುತ್ತಾರೆ. ಯುದ್ಧದಲ್ಲಿ ಮಡಿದವರಿಗೆ ಮಾತ್ರ ಸಹಾಯ ಅಂತ ಹಲವರ ಎಣಿಕೆ. ಹಾಗೇನಿಲ್ಲ. ಹವಾಲ್ದಾರ್ ದರ್ಜೆವರೆಗಿನ ಮಾಜಿ ಸೈನಿಕರ ಇಬ್ಬರು ಮಕ್ಕಳಿಗೆ ಒಂದನೇ ತರಗತಿಯಿಂದ ಪದವಿವರೆಗೆ ಕೇಂದ್ರೀಯ ಸೈನಿಕ ಮಂಡಳಿಯ ಶಿಕ್ಷಣ ಧನಸಹಾಯ ಉಂಟು. ತಲಾ ತಿಂಗಳಿಗೆ 1,000 ರೂಪಾಯಿ ಇದ್ದದ್ದು, 2025ರ ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ 2,000 ಆಗಿದೆ. ದುಡ್ಡು ಧ್ವಜ ದಿನದ ನಿಧಿಯದು. ಡಿಸೆಂಬರ್ 7ರಂದು ನಾವೇ ಡಬ್ಬಿಗೆ ಹಾಕಿದ್ದು ಅನ್ನಿ!

ತರಗತಿ ಪಾಸಾದ ಮೇಲೆ ಅರ್ಜಿ. ತೊಡಕು ಬರುವುದು ಹೆಸರಲ್ಲಿ. ಡಿಸ್ಚಾರ್ಜ್ ಪುಸ್ತಕದಲ್ಲಿ ಮಗುವಿನ ಹೆಸರು ಬಿಟ್ಟುಹೋಗಿದ್ದರೆ, ಅಂಕಪಟ್ಟಿಗೂ ಅದಕ್ಕೂ ಅಕ್ಷರ ಹೊಂದದಿದ್ದರೆ ಕಾಗದ ಅಲ್ಲೇ ಕೂರುತ್ತದೆ. ಯಜಮಾನರು ಇರುವಾಗಲೇ ಸರಿಮಾಡಿಸಿಟ್ಟುಕೊಳ್ಳಿ. ಆಮೇಲೆ ಹೆಂಗಸರು ಒಬ್ಬರೇ ಅಲೆಯಬೇಕು. ಅರ್ಜಿ ಆನ್‌ಲೈನ್; ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು.