ಸೊಳ್ಳೆ ಕಾಟಕ್ಕೆ ಮದ್ದು ಕೆರೆಯಲ್ಲಿದೆ

ಸಂಜೆಯಾದೊಡನೆ ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚುತ್ತೀರಾ? ಹಾಗಾದರೆ ಊರಿನ ಕೆರೆಯತ್ತಲೂ ಒಮ್ಮೆ ನೋಡಿ. ಚರಂಡಿ ನೀರು ಸೇರಿದ ಕೆರೆಯಲ್ಲಿ ಸೊಳ್ಳೆಮರಿ ತಿನ್ನುವ ಮೀನು ಉಳಿಯುವುದು ಕಷ್ಟ. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಮಾತ್ರ ಅದು ತವರುಮನೆ. ಕೊಳಚೆ ತುಂಬಿದ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2017ರಲ್ಲಿ ಬೆಂಕಿಯೇ ಹೊತ್ತಿಕೊಂಡಿತ್ತು.

ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತದ ಹೊಣೆಗಳ ಪಟ್ಟಿಯಿದೆ. ಸಾರ್ವಜನಿಕ ಆರೋಗ್ಯ, ಉದ್ಯಾನ, ಪರಿಸರ ರಕ್ಷಣೆ ಮೂರೂ ಅದರಲ್ಲಿವೆ. 11ನೇ ಅನುಸೂಚಿಯು ಕುಡಿಯುವ ನೀರು, ನೈರ್ಮಲ್ಯ, ಸಾಮಾಜಿಕ ಅರಣ್ಯಗಳನ್ನು ಪಂಚಾಯಿತಿಗಳ ಪಟ್ಟಿಯಲ್ಲಿಟ್ಟಿದೆ.

ವಾರಕ್ಕೊಮ್ಮೆ ಮನೆಯ ತೊಟ್ಟಿ ತೊಳೆಯುವುದು ನಮ್ಮ ಕೆಲಸ. ಕೆರೆಗೆ ಕೊಳಚೆ ಬೀಳದಂತೆ ತಡೆಯುವುದು ಆಡಳಿತದ ಕೆಲಸ. ‘ಹೊಗೆ ಹಾಕಿಸಿ’ ಎನ್ನುವ ಮೊದಲು, ‘ನಮ್ಮ ಚರಂಡಿ ಎಲ್ಲಿಗೆ ಸೇರುತ್ತದೆ?’ ಎಂದು ಸದಸ್ಯರನ್ನು ಕೇಳಿ.