ಜೇನು ಸಾಕಹೊರಡುವವರಿಗೆ

ಮನೆಯ ಹಿತ್ತಲಿನಲ್ಲಿ ಒಂದು ಜೇನುಪೆಟ್ಟಿಗೆಯನ್ನಿರಿಸಬೇಕೆಂಬ ಆಸೆಯು ಪಟ್ಟಣವಾಸಿಗಳಾದ ಗೃಹಸ್ಥರಲ್ಲಿಯೂ ಅಧಿಕಾರಿಗಳಲ್ಲಿಯೂ ಆಗಾಗ್ಗೆ ಮೂಡುತ್ತಿರುವುದನ್ನು ನಾವು ಬಲ್ಲೆವು. ಆಸೆಯು ಶ್ಲಾಘ್ಯವಾದುದೇ. ಆದರೆ ಪೆಟ್ಟಿಗೆ ತಂದ ದಿನವೇ ಭರಣಿಯನ್ನು ತೊಳೆದಿಟ್ಟು ಕಾಯುವವರು ಈ ಕಾರ್ಯಕ್ಕೆ ಕೈಯಿಕ್ಕದಿರುವುದು ಲೇಸು. ಈ ಮಾತನ್ನು ಪರರಿಗೆ ಬುದ್ಧಿ ಹೇಳುವುದಕ್ಕಾಗಿ ಮಾತ್ರವೇ ನಾವು ಆಡುತ್ತಿಲ್ಲವೆಂಬುದು ಮುಂದೆ ವಾಚಕರಿಗೆ ತಿಳಿಯುವುದು.

ನಮ್ಮ ನಾಡಿನ ಜೇನುಗಳೆಲ್ಲವೂ ಸಾಕಣೆಗೆ ಒಗ್ಗತಕ್ಕವಲ್ಲ. ಬಂಡೆಗಳಲ್ಲಿಯೂ ಎತ್ತರದ ಮರಗಳಲ್ಲಿಯೂ ಕಟ್ಟುವ ಹೆಜ್ಜೇನು, ಪೊದೆಗಳಲ್ಲಿ ಒಂದೇ ಎರಿಯನ್ನು ಕಟ್ಟುವ ಕೋಲುಜೇನು ಇವೆರಡೂ ಪೆಟ್ಟಿಗೆಯಲ್ಲಿ ನಿಲ್ಲವು. ಮರದ ಪೊಟರೆಯಲ್ಲಿಯೂ ಹುತ್ತದಲ್ಲಿಯೂ ಸಾಲಾಗಿ ಎರಿಗಳನ್ನು ಕಟ್ಟಿ ಬಾಳುವ ತುಡುವೆಯೇ ಹೊಸಬರಿಗೆ ತಕ್ಕುದು.

ಎರಿಗಳ ನಡುವೆ ಹುಳುಗಳು ಓಡಾಡುವಷ್ಟೇ ಅಂತರವಿದ್ದಲ್ಲಿ ಅವು ಅದನ್ನು ಮೇಣದಿಂದ ಮುಚ್ಚುವುದಿಲ್ಲವೆಂಬ ತತ್ತ್ವದ ಮೇಲೆ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬವರು 1851ರಲ್ಲಿ ಎತ್ತಿ ತೆಗೆಯಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ಕಲ್ಪಿಸಿದರು. ತುಡುವೆಯ ಮೈಯಳತೆಗೆ ಒಪ್ಪುವಂತೆ ಚಿಕ್ಕ ಪೆಟ್ಟಿಗೆಯೊಂದನ್ನು ರೂಪಿಸಿ, 1911ರಿಂದ 1917ರವರೆಗೆ ದಕ್ಷಿಣದ ಹಳ್ಳಿಗರಿಗೆ ಈ ವಿದ್ಯೆಯನ್ನು ಕಲಿಸಿದವರು ನ್ಯೂಟನ್ ಪಾದ್ರಿಗಳು. ಪೆಟ್ಟಿಗೆಯ ಕೆಳಗಿನ ಕೋಣೆ ಮರಿಗಳದು. ಮೇಲಿನ ಕೋಣೆ ಜೇನಿನದು. ಈ ಭೇದವನ್ನು ಮರೆಯದವನೇ ಅರ್ಧ ವಿದ್ಯೆಯನ್ನು ಕಲಿತಂತೆ.

ಮಳೆಗಾಲ ಕಳೆದು ಹೂವು ಅರಳುವ ಕಾಲದಲ್ಲಿ, ಸಮೀಪದ ಅನುಭವಸ್ಥರಿಂದ, ಮೊಟ್ಟೆಯಿಡುತ್ತಿರುವ ರಾಣಿಯುಳ್ಳ ಸಂಸಾರವನ್ನು ಕೊಳ್ಳತಕ್ಕದ್ದು. ಸಾಧ್ಯವಾದರೆ ಎರಡನ್ನು ಕೊಳ್ಳುವುದು ಮೇಲು. ಒಂದು ಸೊರಗಿದಲ್ಲಿ ಮತ್ತೊಂದನ್ನು ನೋಡಿ ದೋಷವನ್ನರಿಯಬಹುದು. ಪೆಟ್ಟಿಗೆಯು ಅರೆನೆರಳಿನಲ್ಲಿರಲಿ, ಜನರ ಓಡಾಟದ ದಾರಿಗೆ ಬಾಗಿಲು ಇದಿರಾಗದಿರಲಿ, ಇರುವೆ ಏರದಂತೆ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿರಿಸಬೇಕು. ವಾರಕ್ಕೊಮ್ಮೆ ಹಿತಮಿತವಾಗಿ ಹೊಗೆಯಾಡಿಸಿ, ಮೆಲ್ಲನೆ ಚೌಕಟ್ಟುಗಳನ್ನೆತ್ತಿ ನೋಡುವುದು. ಹೊಸ ರಾಣಿಯ ಅರೆಗಳು ಕಂಡರೆ ಸಂಸಾರವು ಪಾಲಾಗುವ ಸನ್ನಾಹವೆಂದೂ, ಎರಿಯಲ್ಲಿ ಬಲೆಯಂತೆ ನೂಲು ಕಂಡರೆ ಮೇಣದ ಹುಳು ಹೊಕ್ಕಿತೆಂದೂ ತಿಳಿಯಬೇಕು. ಮರಿಗಳು ನೀರುತುಂಬಿದ ಚೀಲದಂತಾಗಿ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ರೋಗವಿರಬಹುದು. 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಸಂಸಾರಗಳ ಬಹುಭಾಗವನ್ನು ನಿರ್ನಾಮಗೊಳಿಸಿದ ಮಾರಿಯಿದು. ಆದುದರಿಂದ ದೂರದಿಂದ ಅಗ್ಗಕ್ಕೆ ಬಂದ ಸಂಸಾರವನ್ನು ಪರೀಕ್ಷಿಸದೆ ಕೊಳ್ಳುವುದು ತನಗೂ ನೆರೆಯವರಿಗೂ ಅಪಾಯಕರ.

ಇನ್ನು ನಮ್ಮ ತಪ್ಪೊಪ್ಪಿಗೆ. ಮೊದಲ ವರ್ಷದ ವೈಶಾಖದಲ್ಲಿ ಎರಿಗಳು ತುಂಬಿದುದನ್ನು ಕಂಡು ಹಿಗ್ಗಿ, ಮೇಲಿನ ಕೋಣೆಯನ್ನು ಬರಿದುಮಾಡಿದುದಲ್ಲದೆ ಕೆಳಗಿನದಕ್ಕೂ ಕೈಯಿಕ್ಕಿದೆವು. ಮಿತ್ರರಿಗೆ ಹಂಚಿ ಕೀರ್ತಿವಂತರಾದೆವು. ಆಷಾಢದ ಮಳೆ ಹಿಡಿಯಿತು; ಹೂವಿಲ್ಲ, ಕೂಡಿಟ್ಟುದು ಮೊದಲೇ ಇಲ್ಲ. ಸಕ್ಕರೆಯ ಪಾಕವನ್ನಾದರೂ ಇಡಬೇಕೆಂಬ ಎಚ್ಚರ ನಮಗಿರಲಿಲ್ಲ. ಒಂದು ದಿನ ಮಳೆ ಬಿಟ್ಟಾಗ ಮುಚ್ಚಳವನ್ನೆತ್ತಿದರೆ, ಅಡಿಯ ಹಲಗೆಯ ಮೇಲೆ ಒಂದು ಹಿಡಿ ಸತ್ತ ಹುಳುಗಳು. ಉಳಿದವು ಮನೆ ಬಿಟ್ಟು ಹೋಗಿದ್ದವು. ಹೋದವನ್ನು ದೂರಲು ನಮಗೆ ಬಾಯಿರಲಿಲ್ಲ.

ಅಂದಿನಿಂದ ನಾವು ಪಾಲಿಸುತ್ತಿರುವ ನಿಯಮವನ್ನು ವಾಚಕರ ಮುಂದಿರಿಸುತ್ತೇವೆ: ಮೇಣದಿಂದ ಮುಚ್ಚಿದ ಜೇನನ್ನು ಮಾತ್ರ, ಅದನ್ನೂ ಮೇಲಿನ ಕೋಣೆಯಿಂದ ಮಾತ್ರ ತೆಗೆಯುವುದು, ಮಳೆಗಾಲದ ಬುತ್ತಿಯನ್ನು ಮೊದಲು ಹುಳುಗಳಿಗೆ ಬಿಟ್ಟು, ಉಳಿದುದು ನಮ್ಮದೆನ್ನುವುದು. ಮೊದಲ ವರ್ಷ ಉಳಿಯದಿದ್ದರೆ ಅದೂ ಸರಿಯೇ. ಆ ವರ್ಷದ ಲಾಭವೆಂದರೆ ಮುಂದಿನ ಹೂವಿನ ಕಾಲಕ್ಕೆ ಬದುಕುಳಿದ ಒಂದು ಸಂಸಾರ. ಅದಕ್ಕಿಂತ ಹೆಚ್ಚನ್ನು ಹೊಸಬನು ಬಯಸಬಾರದು.