ನೀರು ಎರಡು ದಿಕ್ಕಿಗೆ ಹರಿಯುವ ದಿಣ್ಣೆಯ ಮೇಲೆ

ಸಕಲೇಶಪುರದಿಂದ ಹೆತ್ತೂರು, ವಣಗೂರು ಹಾದು ಬಿಸಿಲೆ ಕಡೆ ಹೊರಟರೆ ಮಂಕನಹಳ್ಳಿಯ ಹತ್ತಿರ ರಸ್ತೆ ಬದಿಗೆ ಒಂದು ಗುರುತಿನ ಕಲ್ಲು ಸಿಗುತ್ತದೆ. ಕಾರಿನಲ್ಲಿ ಕೂತವರಿಗೆ ಅದು ಮೈಲುಗಲ್ಲಿನ ಹಾಗೆ ಕಂಡು ಹಿಂದೆ ಸರಿಯುತ್ತದೆ. ಇಳಿದು ಓದಿದವರಿಗೆ ಮಾತ್ರ ಗೊತ್ತು: ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಬಂಗಾಳಕೊಲ್ಲಿಗೆ. ನಾನು ಚಿಕ್ಕವನಿದ್ದಾಗ ಚಿಕ್ಕಪ್ಪ ಇದೇ ಕಲ್ಲಿನ ಹತ್ತಿರ ಜೀಪು ನಿಲ್ಲಿಸಿ, ಚೊಂಬಿನಲ್ಲಿದ್ದ ನೀರನ್ನು ನೆಲಕ್ಕೆ ಸುರಿದು, ‘ನೋಡು, ಅರ್ಧ ಮಂಗಳೂರಿಗೆ, ಅರ್ಧ ತಮಿಳುನಾಡಿಗೆ’ ಅಂದಿದ್ದರು. ನೀರು ಎಲ್ಲಿಗೂ ಹೋಗಲಿಲ್ಲ, ಕೆಂಪು ಮಣ್ಣಿನಲ್ಲಿ ಅಲ್ಲೇ ಇಂಗಿತು. ಆದರೆ ಆ ಮಾತು ಇಂಗಲಿಲ್ಲ. ಸಕಲೇಶಪುರ, ಆಲೂರಿನ ಬೆಟ್ಟಗಳಲ್ಲಿ ಎಲ್ಲಿ ತಿರುಗಾಡಿದರೂ ಈಗಲೂ ನಾನು ಮೊದಲು ಕೇಳಿಕೊಳ್ಳುವುದು, ಇಲ್ಲಿಯ ನೀರು ಯಾವ ಕಡೆಯದು ಎಂದು.

ಪೂರ್ವದ ನೀರೆಂದರೆ ಹೇಮಾವತಿ. ಮೂಡಿಗೆರೆ ಸೀಮೆಯ ಬೆಟ್ಟಗಳಲ್ಲಿ ಹುಟ್ಟಿ, ಸಕಲೇಶಪುರದ ಪೇಟೆಯನ್ನು ಬಳಸಿ, ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಸುಮಾರು 245 ಕಿ.ಮೀ. ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಪಶ್ಚಿಮದ್ದು ಕೆಂಪುಹೊಳೆ, ಎತ್ತಿನಹೊಳೆ, ಗಿರಿಹೊಳೆ, ಅಡ್ಡಹೊಳೆ ಎಂದು ಹತ್ತಾರು ಹೆಸರಿನಲ್ಲಿ ಧುಮುಕಿ, ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಈ ಎರಡು ನೀರಿನ ನಡುವೆ ಏಣಿನಂತೆ ಎದ್ದ ನೆಲವೇ ಸಕಲೇಶಪುರ ಸೀಮೆ. ಅದರ ಪೂರ್ವದ ತಪ್ಪಲು, ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅರೆಮಲೆನಾಡು, ಆಲೂರು.

ಮಳೆಗಾಲದಲ್ಲಿ ಬರುವವರೇ ಹೆಚ್ಚು. ಅದರಲ್ಲಿ ತಪ್ಪೇನಿಲ್ಲ, ಆದರೆ ಜುಲೈಯಲ್ಲಿ ಈ ಬೆಟ್ಟಗಳು ಕಾಣುವುದೇ ಇಲ್ಲ. ಕಾಣುವುದು ಮಳೆಯ ಪರದೆ, ಜಿಗಣೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಾಲುಗಟ್ಟಿ ನಿಂತ ಲಾರಿಗಳು. ಡಿಸೆಂಬರ್ ಎರಡನೇ ವಾರದಿಂದ ಫೆಬ್ರುವರಿ ನಡುವಿನವರೆಗೆ, ಮಾಗಿ ಚಳಿಯಲ್ಲಿ, ಈ ನೆಲ ತೆರೆದುಕೊಳ್ಳುತ್ತದೆ. ಬೆಳಗಿನ ಎಂಟರವರೆಗೆ ಕಣಿವೆಗಳಲ್ಲಿ ಮಂಜು ಹಾಲಿನ ಹಾಗೆ ತುಂಬಿರುತ್ತದೆ. ಒಂಬತ್ತಕ್ಕೆ ಬಿಸಿಲು ಬಿದ್ದರೆ ಒಂದೊಂದೇ ಗುಡ್ಡ ತಲೆ ಎತ್ತುತ್ತದೆ. ಹತ್ತಕ್ಕೆ ದಿಗಂತದವರೆಗೂ ನಿಚ್ಚಳ. ಒಂದೆಡೆ ಹದಿನೈದು ದಿನ ಬಿಡಾರ ಹೂಡಿ, ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಂತೆ ದಿನಕ್ಕೊಂದು ದಿಕ್ಕು ಹಿಡಿದರೆ ಈ ಸೀಮೆ ಅರ್ಥವಾಗುತ್ತದೆ. ಎರಡು ದಿನದಲ್ಲಿ ಹತ್ತು ಜಾಗ ಮುಗಿಸುವ ಓಟದಲ್ಲಿ ಅರ್ಥವಾಗುವುದಿಲ್ಲ.

ನನ್ನ ಬಿಡಾರ ಹೆತ್ತೂರು ಹೋಬಳಿಯ ಚಿಕ್ಕಮ್ಮನ ಮನೆ. ಈ ತಿಂಗಳುಗಳಲ್ಲಿ ಅಲ್ಲಿ ಯಾರಿಗೂ ನೆಂಟರನ್ನು ವಿಚಾರಿಸುವ ಪುರಸೊತ್ತಿಲ್ಲ, ಏಕೆಂದರೆ ಇದು ಕಾಫಿ ಕೊಯ್ಲಿನ ಕಾಲ. ಅರೇಬಿಕಾ ನವೆಂಬರ್ ಕೊನೆಗೆ ಕೆಂಪಾಗಿ ಜನವರಿಗೆ ಮುಗಿಯುತ್ತದೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಅದರ ಬೆನ್ನಿಗೆ ಮೆಣಸು. ಸಂಜೆ ನಾಲ್ಕೂವರೆಗೆ ಕುಯ್ದ ಹಣ್ಣಿನ ಚೀಲಗಳು ತೂಕಕ್ಕೆ ಬರುತ್ತವೆ, ರೈಟರು ಹೆಸರು ಕೂಗಿ ಕೆ.ಜಿ. ಬರೆದುಕೊಳ್ಳುತ್ತಾರೆ. ಸೊಂಟಕ್ಕೆ ಗೋಣಿ ಬಿಗಿದ ಹೆಂಗಸರ ಬೆರಳ ತುದಿಗಳು ಹಣ್ಣಿನ ರಸಕ್ಕೆ ಕಪ್ಪಾಗಿರುತ್ತವೆ. ಸಾಲಿನಲ್ಲಿ ಈಗ ಕನ್ನಡದ ಜೊತೆಗೆ ಅಸ್ಸಾಮಿನ ಮಾತೂ ಕೇಳಿಬರುತ್ತದೆ.

ಈ ಸೀಮೆಯ ನಿಜವಾದ ಪ್ರೇಕ್ಷಣೀಯ ಸ್ಥಳ ಕಾಫಿ ಕಣ ಎಂದರೆ ಯಾರೂ ನಂಬುವುದಿಲ್ಲ. ಮನೆ ಮುಂದೆ ಅರ್ಧ ಎಕರೆಯಷ್ಟು ಸಿಮೆಂಟಿನ ಅಂಗಳ. ಒಂದು ಬದಿಗೆ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ತೊಳೆದು ಹರಡಿದ ಪಾರ್ಚ್‌ಮೆಂಟ್, ಹಸಿ ಅಕ್ಕಿಯ ಬಣ್ಣ. ಇನ್ನೊಂದು ಬದಿಗೆ ಹಣ್ಣನ್ನು ಇದ್ದ ಹಾಗೇ ಒಣಗಿಸುವ ಚೆರ್ರಿ. ಮೊದಲ ದಿನ ಕುಂಕುಮದಂತೆ ಕೆಂಪು, ನಾಲ್ಕನೇ ದಿನ ಕಂದು, ಎರಡು ವಾರಕ್ಕೆ ಕಪ್ಪು. ಕೋಲಿಗೆ ಹಲಗೆ ಹೊಡೆದು ಮಾಡಿದ ಸಾಧನದಿಂದ ಗಂಟೆಗೊಮ್ಮೆ ಸಾಲು ಎಳೆಯುತ್ತಲೇ ಇರಬೇಕು. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಚಿಕ್ಕಮ್ಮ ಈಗಲೂ ಒಂದು ಮುಷ್ಟಿ ಚೆರ್ರಿ ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಗಲಗಲ ಎಂದರೆ ಚೀಲಕ್ಕೆ. ಸದ್ದು ಮಂದವಾಗಿದ್ದರೆ ಇನ್ನೆರಡು ಬಿಸಿಲು. ಜನವರಿಯಲ್ಲಿ ಮೋಡ ಕವಿದರೆ ಪ್ರವಾಸಿಗೆ ಹಿತ, ಈ ಮನೆಗೆ ದಿಗಿಲು. ಒಂದು ಅಕಾಲ ಮಳೆ ಬಿದ್ದರೆ ವರ್ಷದ ದುಡಿಮೆ ಕಣದಲ್ಲೇ ಬೂಸಲು ಹಿಡಿಯುತ್ತದೆ. ಆದ್ದರಿಂದ ಇಲ್ಲಿಗೆ ಬರುವವರಲ್ಲಿ ನನ್ನದೊಂದು ಕೋರಿಕೆ: ಖಾಲಿ ಅಂಗಳವೆಂದು ಕಣದ ಮೇಲೆ ಕಾರು ನಿಲ್ಲಿಸಬೇಡಿ, ಫೋಟೊಗಾಗಿ ಪಾರ್ಚ್‌ಮೆಂಟ್ ತುಳಿಯಬೇಡಿ. ಅದು ಊಟದ ಎಲೆಯನ್ನು ತುಳಿದ ಹಾಗೆ.

ಕಾಫಿ ಈ ನೆಲಕ್ಕೆ ದೊಡ್ಡ ತೋಟಗಳಾಗಿ ಬಂದದ್ದು 1840ರ ದಶಕದಲ್ಲಿ, ಇಂಗ್ಲಿಷ್ ಪ್ಲಾಂಟರುಗಳ ಜೊತೆ. ಅವರ ಬೆನ್ನಿಗೆ ಬಂದ ರಾಬರ್ಟ್ ಎಲಿಯಟ್ ಇಲ್ಲಿ ದಶಕಗಟ್ಟಲೆ ತೋಟ ಮಾಡಿ, 1894ರಲ್ಲಿ ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿಯ ಬಗ್ಗೆ ಪುಸ್ತಕವನ್ನೇ ಬರೆದ. ಆಗ ಈ ತಾಲ್ಲೂಕಿನ ಹೆಸರು ಮಂಜರಾಬಾದ್. ಅದಕ್ಕೂ ಮುಂಚೆ ಇದು ಬಲಂ ಸೀಮೆ, ಐಗೂರು ಪಾಳೆಯಗಾರರ ನೆಲ. ಟಿಪ್ಪು ಸತ್ತ ಮೇಲೂ ಕಂಪನಿಗೆ ತಲೆಬಾಗದ ಐಗೂರಿನ ವೆಂಕಟಾದ್ರಿ ನಾಯಕನನ್ನು 1802ರಲ್ಲಿ ಹಿಡಿದು ಗಲ್ಲಿಗೇರಿಸಿದರು. ಅವನನ್ನು ಹಿಡಿದ ಕಂಪನಿಯ ದಂಡಿನ ನಾಯಕತ್ವ ವಹಿಸಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಅವನ ಹೆಸರು ಜಗತ್ತಿಗೆ ಗೊತ್ತು, ವೆಂಕಟಾದ್ರಿಯ ಹೆಸರು ಐಗೂರಿನಲ್ಲೇ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ನನಗೆ ನೋವಾಗುವುದು ಅದಕ್ಕೆ.

ಮೊದಲ ದಿನದ ತಿರುಗಾಟಕ್ಕೆ ಮಂಜರಾಬಾದ್ ಕೋಟೆ ಸಾಕು. ಪೇಟೆಯಿಂದ ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿ.ಮೀ. ಹೋದರೆ ದೋಣಿಗಾಲ್. ಅಲ್ಲಿ ಎಡಕ್ಕೋ ಬಲಕ್ಕೋ ಎಂದು ಹುಡುಕಬೇಕಾಗಿಲ್ಲ, ಗುಡ್ಡವೇ ಕಾಣುತ್ತದೆ. ಸುಮಾರು 250 ಮೆಟ್ಟಿಲು. ಟಿಪ್ಪು ಸುಲ್ತಾನ್ 1792ರಲ್ಲಿ ಮುಗಿಸಿದ ಈ ಕೋಟೆ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿದೆ. ಫ್ರಾನ್ಸಿನ ವೋಬಾನ್ ರೂಢಿಗೆ ತಂದ ಮಾದರಿ ಅದು. ಗೋಡೆಯ ಯಾವ ಬದಿಗೆ ಶತ್ರು ಏಣಿ ಹಾಕಿದರೂ ಪಕ್ಕದ ಮೂಲೆಯಿಂದ ಗುಂಡು ಹೊಡೆಯಬಹುದು, ಕಣ್ಣು ತಪ್ಪುವ ಜಾಗವೇ ಇಲ್ಲ. ಮಂಗಳೂರಿನ ಬಂದರಿನಿಂದ ಶ್ರೀರಂಗಪಟ್ಟಣಕ್ಕೆ ಹತ್ತುವ ದಾರಿಯನ್ನು ಕಾಯಲು ಇದಕ್ಕಿಂತ ಒಳ್ಳೆಯ ಗುಡ್ಡ ಸಿಗುತ್ತಿರಲಿಲ್ಲ. ಒಳಗೆ ನಟ್ಟನಡುವೆ ಕೂಡಿಸುವ ಗುರುತಿನಂತೆ ನಾಲ್ಕು ಕಡೆ ಮೆಟ್ಟಿಲಿಳಿದ ಕೊಳ, ಅದರ ಪಕ್ಕ ಮದ್ದಿನ ನೆಲಮನೆಗಳು. ಸುತ್ತ ಮಂಜು ಕವಿದದ್ದನ್ನು ಕಂಡು ಟಿಪ್ಪುವೇ ಮಂಜರಾಬಾದ್ ಎಂದು ಕರೆದನೆಂದು ಊರವರು ಹೇಳುತ್ತಾರೆ. ಬೆಳಿಗ್ಗೆ ಏಳಕ್ಕೆ ಗೋಡೆಯ ಮೇಲೆ ನಿಂತರೆ ಆ ಮಾತನ್ನು ಅನುಮಾನಿಸಲು ಮನಸ್ಸಾಗುವುದಿಲ್ಲ. ಕೆಳಗೆ ಹೆದ್ದಾರಿಯ ಲಾರಿ ಸದ್ದು ಕೇಳಿಸುತ್ತದೆ, ಲಾರಿ ಕಾಣಿಸುವುದಿಲ್ಲ.

ಅದೇ ದೋಣಿಗಾಲ್‌ನಿಂದ ಇಳಿಯುವ ರೈಲಿನ ಬಗ್ಗೆ ಎರಡು ಮಾತು. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. 1979ರಲ್ಲಿ ಮೀಟರ್ ಗೇಜ್ ಬಂತು, 1996ರಲ್ಲಿ ಬ್ರಾಡ್ ಗೇಜ್ ಮಾಡಲೆಂದು ನಿಂತಿತು, ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಕೊನೆಗೆ. 2021ರಿಂದ ಯಶವಂತಪುರ–ಮಂಗಳೂರು ಹಗಲು ಗಾಡಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಇದೆ. ಗಾಡಿ ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ ಇಳಿಯುತ್ತದೆ, ಅದೇ ಅದರ ಸೊಗಸು. ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂಬ ನಿಲ್ದಾಣಗಳು ಹೆಸರಿಗೆ ನಿಲ್ದಾಣ, ಸುತ್ತ ಬರೀ ಕಾಡು. ಹಳಿ ಮೇಲೆ ನಡೆಯುವ ‘ಗ್ರೀನ್ ರೂಟ್’ ಚಾರಣ ಒಂದು ಕಾಲಕ್ಕೆ ಬಹಳ ಹೆಸರಾಗಿತ್ತು. ಈಗ ಅದು ನಿಷಿದ್ಧ, ನಿಷಿದ್ಧವಾಗಿಯೇ ಇರಲಿ. ಸೇತುವೆಯ ನಡುವಿನಲ್ಲಿರುವಾಗ ಗೂಡ್ಸ್ ಬಂದರೆ ಸರಿದು ನಿಲ್ಲಲು ಜಾಗವಿಲ್ಲ.

ಉತ್ತರಕ್ಕೆ, ಹಾನುಬಾಳು ಕಡೆಯಿಂದ ಮೇಕನಗದ್ದೆಯ ಮೇಲಿನ ಬೆಟ್ಟದ ಭೈರವೇಶ್ವರ ಇನ್ನೊಂದು ದಿನಕ್ಕೆ. ಮಳೆಗಾಲದ ಹಸಿರು ಹುಲ್ಲು ಜನವರಿಗೆ ಜೋಳದ ದಂಟಿನ ಬಣ್ಣಕ್ಕೆ ತಿರುಗಿರುತ್ತದೆ. ಗಾಳಿ ಬೀಸಿದಾಗ ಇಡೀ ಗುಡ್ಡ ಒಂದೇ ಪ್ರಾಣಿಯ ಮೈಯಂತೆ ನವಿರೇಳುತ್ತದೆ. ಹಳೆಯ ಕಲ್ಲಿನ ಗುಡಿ, ಎದುರಿಗೆ ಪಾಂಡವರ ಗುಡ್ಡ, ನಡುವೆ ಮಾತಿಲ್ಲ. ಬೀಡಿ ಸೇದುವವರು ಇಲ್ಲಿ ಕಡ್ಡಿ ಗೀರಬಾರದು. ಒಂದು ಕಿಡಿ ಸಾಕು.

ಬಿಸಿಲೆಗೆ ಮಾತ್ರ ಪೂರ್ತಿ ದಿನ ಇಡಬೇಕು. ಪೇಟೆಯಿಂದ ಹೋಗುವವರು ಪೆಟ್ರೋಲು ಅಲ್ಲೇ ಹಾಕಿಸಿಕೊಳ್ಳಿ, ಮುಂದೆ ಫೋನಿನ ಸಿಗ್ನಲ್ಲೂ ನೆಚ್ಚಿಕೆಯದಲ್ಲ. ನಮಗೆ ಚಿಕ್ಕಮ್ಮ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟಿದ್ದರು. ವಣಗೂರು ಕೂಡುರಸ್ತೆ ದಾಟಿ, ಗುರುತಿನ ಕಲ್ಲು ಕಳೆದು, ಮರಗಳು ಒತ್ತಾಗುತ್ತಾ ಹೋದಂತೆ ಮಧ್ಯಾಹ್ನವೇ ಸಂಜೆಯಾಗುತ್ತದೆ. ಆಮೇಲೆ ಒಮ್ಮೆಗೇ ಕಾಡು ಮುಗಿದು ವೀಕ್ಷಣಾ ಗೋಪುರ. ಎದುರಿಗೆ ಕಣಿವೆಯಾಚೆ 1,712 ಮೀಟರ್ ಎತ್ತರದ ಕುಮಾರ ಪರ್ವತ, ಅದರ ಬಗಲಿಗೆ ದೊಡ್ಡಬೆಟ್ಟ. ತಳದಲ್ಲಿ ಎಲ್ಲೋ ಗಿರಿಹೊಳೆ ಹರಿಯುವ ಸದ್ದು. ಮಳೆಗಾಲದಲ್ಲಿ ಇದೇ ಗೋಪುರದಲ್ಲಿ ನಿಂತು ನಾನು ಬಿಳಿ ಗೋಡೆಯನ್ನಷ್ಟೇ ನೋಡಿ ವಾಪಸಾಗಿದ್ದೇನೆ. ಮಾಗಿಯಲ್ಲಿ ಪರ್ವತದ ಮೈಮೇಲಿನ ಒಂದೊಂದು ಸೀಳು, ಹುಲ್ಲು ಮುಗಿದು ಶೋಲಾ ಕಾಡು ಶುರುವಾಗುವ ಗೆರೆ, ಎಲ್ಲವೂ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ.

ಆದರೆ ಈ ನೀರಿನ ಗೆರೆ ಈಗ ಮೊದಲಿನಂತಿಲ್ಲ. ಪಶ್ಚಿಮಕ್ಕೆ ಹೋಗುತ್ತಿದ್ದ ಎತ್ತಿನಹೊಳೆ ಮತ್ತು ಅಕ್ಕಪಕ್ಕದ ಹಳ್ಳಗಳ ಮಳೆಗಾಲದ ನೀರನ್ನು ತಡೆದು, ಪಂಪಿನಿಂದ ದಿಣ್ಣೆಯ ಮೇಲಕ್ಕೆತ್ತಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹರಿಸುವುದು 24.01 ಟಿಎಂಸಿಯ ಯೋಜನೆ. ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್ 6ರಂದು, ಈ ತಾಲ್ಲೂಕಿನಲ್ಲೇ. ಹೆಬ್ಬನಹಳ್ಳಿ ಕಡೆ ಹೋದರೆ ಆಳೆತ್ತರ ಮೀರಿದ ಕೊಳವೆಗಳು ಗುಡ್ಡವನ್ನು ಸೀಳಿಕೊಂಡು ಹೋದದ್ದು ಕಾಣುತ್ತದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಅಲ್ಲಿ ಸಾವಿರ ಅಡಿ ಕೊರೆದ ಬೋರ್‌ವೆಲ್ಲುಗಳನ್ನು ನಾನು ಕಂಡಿದ್ದೇನೆ. ಆದರೂ ಕಡಿದ ಮರಗಳ ಬುಡ, ತೆರೆದ ಕೆಂಪು ಮಣ್ಣಿನ ಗಾಯ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪ್ರವಾಸಕ್ಕೆ ಬಂದವರು ಇದನ್ನೂ ನೋಡಿ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನಿಂದ ಬರುವವರಂತೂ ನೋಡಲೇಬೇಕು.

ಆಲೂರನ್ನು ಎಲ್ಲರೂ ಹಾಸನ ದಾಟಿದ ಮೇಲಿನ ಒಂದು ಬಸ್ ನಿಲ್ದಾಣ ಎಂದುಕೊಂಡು ಮುಂದೆ ಹೋಗುತ್ತಾರೆ. ಅಲ್ಲಿಂದ ಕೆಂಚಮ್ಮನ ಹೊಸಕೋಟೆ ಕಡೆ ತಿರುಗಿ ನೋಡಿ. ಕೊಯ್ಲಾದ ಗದ್ದೆ, ಹುಲ್ಲಿನ ಮೆದೆ, ಶುಂಠಿ ಅಗೆದ ಹೊಲದ ಘಾಟು ವಾಸನೆ, ಕೆರೆ ಏರಿ, ಆಮೇಲೆ ನಿಧಾನಕ್ಕೆ ನೆರಳು ಮರದ ಕಾಫಿ. ಹರಿಹಳ್ಳಿಯಲ್ಲಿ ಕೆಂಚಾಂಬೆಯ ಗುಡಿ. ಆಲೂರು, ಸಕಲೇಶಪುರ ಸೀಮೆಯ ಎಷ್ಟೋ ಒಕ್ಕಲುಗಳಿಗೆ ಅವಳೇ ಮನೆದೇವರು. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ 1938ರಲ್ಲಿ ‘ಕಾಂತಾಪುರ’ ಎಂಬ ಇಂಗ್ಲಿಷ್ ಕಾದಂಬರಿ ಬರೆದಾಗ ಊರಿನ ದೇವತೆಗೆ ಇಟ್ಟ ಹೆಸರು ಕೆಂಚಮ್ಮ, ಹೊಳೆಗೆ ಇಟ್ಟದ್ದು ಹೇಮಾವತಿಯನ್ನೇ ಹೋಲುವ ಹೆಸರು. ಗಾಂಧಿ ಚಳವಳಿಯ ಆ ಕಥೆಯನ್ನು ದೂರದ ದೇಶಗಳ ಕಾಲೇಜುಗಳಲ್ಲಿ ಓದುತ್ತಾರೆ. ಗುಡಿಯ ಮುಂದೆ ಹಣ್ಣುಕಾಯಿ ಹಿಡಿದು ನಿಂತ ಅಜ್ಜಿಗೆ ಅದರ ಗೊಡವೆಯಿಲ್ಲ, ಮೊಮ್ಮಗಳಿಗೆ ಜ್ವರ ಬಿಟ್ಟಿತೆಂಬ ಹರಕೆ ಅವರದು. ಹೊತ್ತಿದ್ದರೆ ವಾಪಸಾಗುವಾಗ ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಇಗರ್ಜಿಯನ್ನೂ ನೋಡಬಹುದು. ಮಳೆಗಾಲದಲ್ಲಿ ಮುಳುಗಿದ ಗೋಡೆಗಳು ಈಗ ಒಂದೊಂದಾಗಿ ನೀರಿನಿಂದೇಳುತ್ತಿರುತ್ತವೆ.

ಇಲ್ಲಿಯ ಯಾವ ತಿರುಗಾಟದ ಲೆಕ್ಕವೂ ಆನೆಯನ್ನು ಬಿಟ್ಟಿಲ್ಲ. ಊರವರು ಕಾಡಾನೆಗಳಿಗೆ ಹೆಸರಿಟ್ಟಿದ್ದಾರೆ: ಭೀಮ, ಕ್ಯಾಪ್ಟನ್, ಕರಡಿ, ಭುವನೇಶ್ವರಿ, ಬೀಟಮ್ಮ. ಹೆಸರಿಟ್ಟು ಕರೆಯುವ ಆ ಬಾಯಿಗಳಲ್ಲೇ ತೋಟದಲ್ಲಿ ಸತ್ತ ಕೂಲಿಯವರ ಹೆಸರೂ ಇದೆ. ಎಂಟು ವರ್ಷ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆ ಸೆರೆಯ ಕಾರ್ಯಾಚರಣೆಯಲ್ಲಿ ಮಡಿದದ್ದು ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ. ಅವನ ಸಮಾಧಿ ಅಲ್ಲೇ ಇದೆ. ದಾರಿಹೋಕರು ನಿಂತು ಕೈಮುಗಿದು ಹೋಗುತ್ತಾರೆ.

ಕಳೆದ ಸಲ ಬಿಸಿಲೆಯಿಂದ ಬರುವಾಗ ಐದೂವರೆ ಆಗಿತ್ತು. ಒಂದು ತಿರುವಿನಲ್ಲಿ ಅರಣ್ಯ ಇಲಾಖೆಯ ಜೀಪು ಅಡ್ಡ ನಿಂತಿತ್ತು. ಖಾಕಿ ಸ್ವೆಟರಿನ ವಾಚರು ಹತ್ತಿರ ಬಂದು, ‘ಗುಂಪು ಐತೆ ಸಾ, ಲೈಟ್ ಆರಿಸಿ, ಹಾರನ್ ಮಾಡ್ಬೇಡಿ’ ಅಂದರು. ಹಿಂದೆ ಒಂದು ಕೆಂಪು ಬಸ್ಸು, ಹಾಲಿನ ಗಾಡಿ, ಕೂಲಿಯವರನ್ನು ತುಂಬಿದ ಪಿಕಪ್ ಬಂದು ನಿಂತವು. ಯಾರೂ ಗೊಣಗಲಿಲ್ಲ. ಪಿಕಪ್ಪಿನಲ್ಲಿದ್ದ ಹೆಂಗಸೊಬ್ಬರು ಮಡಿಲಿನಿಂದ ಕಿತ್ತಳೆ ತೆಗೆದು ಬಿಡಿಸಿ, ಕಿಟಕಿಯಿಂದ ನಮ್ಮ ಕೈಗೂ ಎರಡು ತೊಳೆ ಇಟ್ಟರು. ಎಡಗಡೆಯ ತೋಟದೊಳಗೆ ಕೊಂಬೆ ಮುರಿಯುವ ಸದ್ದು, ಅದರ ಹಿಂದೆ ಹೊಟ್ಟೆಯೊಳಗಿಂದ ಬಂದ ಹಾಗೆ ಒಂದು ಗುಡುಗು. ಮೊದಲು ದೊಡ್ಡದೊಂದು ರಸ್ತೆಗಿಳಿದು ನಿಂತಿತು, ನಮ್ಮ ಕಡೆ ತಿರುಗಲಿಲ್ಲ. ಅದರ ಹಿಂದೆ ಮೂರು, ಆ ಮೂರರ ಕಾಲುಗಳ ನಡುವೆ ಒಂದು ಮರಿ. ಅವು ದಾಟಿ ಬಲಗಡೆಯ ಹಡ್ಲಿಗೆ ಇಳಿದು ಹತ್ತು ನಿಮಿಷವಾದ ಮೇಲೂ ವಾಚರು ಕೈ ಎತ್ತಿಕೊಂಡೇ ನಿಂತಿದ್ದರು.